ಮೆಮೊ ಮಾತ್ರ ಸಿಸ್ಟರ್ ಹೆಸರಿಗೆ

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏಳು ವರ್ಷದ ಹುಡುಗನ ಕೆನ್ನೆಯ ಗಾಯಕ್ಕೆ ಹೊಲಿಗೆ ಹಾಕುವ ಬದಲು ನರ್ಸ್ ಒಬ್ಬರು ಫೆವಿಕ್ವಿಕ್ ಹಚ್ಚಿ ಕಳಿಸಿದರು. ಹೆತ್ತವರು ವಿಡಿಯೊ ಮಾಡಿಕೊಂಡರು. ವಿಡಿಯೊ ಊರೂರು ಸುತ್ತಿತು, ಟೀವಿಯವರಿಗೆ ಹಬ್ಬವಾಯಿತು. ಆಕೆಯನ್ನು ಮೊದಲು ಬೇರೆ ಆಸ್ಪತ್ರೆಗೆ ಎತ್ತಂಗಡಿ ಮಾಡಿದರು. ಜನ ಉಗಿಯುವುದು ಜೋರಾದ ಮೇಲೆ ಅಮಾನತು ಮಾಡಿದರು. ಅಲ್ಲಿಗೆ ಎಲ್ಲರೂ ಕೈ ತೊಳೆದುಕೊಂಡರು.

ಆ ನರ್ಸ್ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆಕೆಯ ವಕಾಲತ್ತು ವಹಿಸಲು ನಾನು ಕೂತಿಲ್ಲ. ನನಗೆ ರೇಗುವುದು ಆ ಎತ್ತಂಗಡಿಯ ಮೇಲೆ. ಈ ಊರಿನ ಮಕ್ಕಳ ಕೆನ್ನೆ ಮುಟ್ಟಬಾರದವರು ಪಕ್ಕದ ಊರಿನ ಮಕ್ಕಳ ಕೆನ್ನೆ ಮುಟ್ಟಬಹುದೇ? ಆ ಗಾಯವನ್ನು ನೋಡಬೇಕಾಗಿದ್ದ ಡಾಕ್ಟರು ಯಾರು, ಡಾಕ್ಟರಿಲ್ಲದಾಗ ನರ್ಸ್ ಏನು ಮಾಡಬಹುದು ಏನು ಮಾಡಬಾರದು ಎಂದು ಬರೆದು ಗೋಡೆಗೆ ಅಂಟಿಸಿದವರು ಯಾರು? ಆಕೆಗೆ ನರ್ಸ್ ಎಂದು ಕರೆಸಿಕೊಳ್ಳುವ ಹಕ್ಕು ಕೊಟ್ಟದ್ದು ರಾಜ್ಯದ ನರ್ಸಿಂಗ್ ಕೌನ್ಸಿಲ್. ನಾನು ಓದಿದ ಸುದ್ದಿಗಳಲ್ಲಿ ಆ ಕೌನ್ಸಿಲಿನ ಹೆಸರೇ ಇರಲಿಲ್ಲ. ವೃತ್ತಿಯ ತಪ್ಪನ್ನು ವೃತ್ತಿಯವರು ಕೂತು ವಿಚಾರಿಸುವುದು ಒಂದು. ಇಲಾಖೆ ತನ್ನ ಮುಖ ಉಳಿಸಿಕೊಳ್ಳಲು ಕೆಳಗಿನವಳ ತಲೆ ಉರುಳಿಸುವುದು ಇನ್ನೊಂದು. ನಮ್ಮಲ್ಲಿ ಶಿಸ್ತು ಎಂದರೆ ಎರಡನೆಯದೇ.

ನರ್ಸ್ ಆಗುವುದು ಸುಲಭ ಅಂದುಕೊಂಡವರು ಕೇಳಿಸಿಕೊಳ್ಳಿ. ಜಿಎನ್‌ಎಂ ಡಿಪ್ಲೊಮಾ ಆದರೆ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ಆದರೆ ನಾಲ್ಕು ವರ್ಷ ಓದಬೇಕು. ಆಮೇಲೆ ರಾಜ್ಯ ಕೌನ್ಸಿಲಿನಲ್ಲಿ ನೋಂದಣಿ ಮಾಡಿಸಿ ನೋಂದಾಯಿತ ನರ್ಸ್, ನೋಂದಾಯಿತ ಸೂಲಗಿತ್ತಿ ಎಂಬ ಆರ್‌ಎನ್, ಆರ್‌ಎಂ ನಂಬರು ತೆಗೆದುಕೊಳ್ಳಬೇಕು. ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ 150 ಗಂಟೆಗಳ ಮುಂದುವರಿದ ಕಲಿಕೆಯ ಸರ್ಟಿಫಿಕೇಟು. ಈಗ ಅದರ ಮೇಲೆ ದೇಶಕ್ಕೆಲ್ಲ ಒಂದೇ ಆದ ಗುರುತಿನ ಸಂಖ್ಯೆ ಬೇರೆ. ಇವಳು ಎಲ್ಲಿ ಓದಿದಳು, ಎಲ್ಲಿ ಕೆಲಸ ಮಾಡುತ್ತಾಳೆ, ಯಾವಾಗ ನವೀಕರಿಸಿದಳು, ಎಲ್ಲವೂ ಕಂಪ್ಯೂಟರಿನಲ್ಲಿ ಸಿಗುತ್ತದೆ. ಬೇಡ ಎನ್ನುತ್ತಿಲ್ಲ, ಇರಲಿ. ನನ್ನ ಅವ್ವನ ನರಕ್ಕೆ ಸೂಜಿ ಚುಚ್ಚುವವರು ಯಾರೆಂದು ನನಗೆ ಗೊತ್ತಿರಲೇಬೇಕು. ಆದರೆ ಅದೇ ಕಂಪ್ಯೂಟರಿನಲ್ಲಿ, ಇವತ್ತು ರಾತ್ರಿ ಆ ವಾರ್ಡಿನಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ನರ್ಸ್ ಎಂಬ ಲೆಕ್ಕ ಯಾಕೆ ಸಿಗುವುದಿಲ್ಲ?

ಸಿಗದಿರುವುದಕ್ಕೆ ಇತಿಹಾಸವಿದೆ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಹುಟ್ಟಿದ್ದೇ ದೇಶದುದ್ದಕ್ಕೂ ತರಬೇತಿ ಒಂದೇ ಮಟ್ಟದಲ್ಲಿರಲಿ ಎಂದು. ತರಬೇತಿ ಮುಗಿಸಿ ವಾರ್ಡಿಗೆ ಕಾಲಿಟ್ಟ ಮೇಲೆ ಅವಳ ಪಾಡೇನು ಎಂಬುದು ಆ ಕಾಯ್ದೆಯ ಚಿಂತೆಯಾಗಿರಲಿಲ್ಲ. ನಮ್ಮ ರಾಜ್ಯದಲ್ಲಿ 1961ರ ಕಾಯ್ದೆ ಬಂತು. ನರ್ಸ್‌ಗಳು, ಸೂಲಗಿತ್ತಿಯರು, ಆರೋಗ್ಯ ಸಂದರ್ಶಕಿಯರ ಹೆಸರು ಬರೆದುಕೊಳ್ಳುವ ರಿಜಿಸ್ಟರು ಬಂತು. ಬೋಧಕ ಆಸ್ಪತ್ರೆಯಲ್ಲಿ ಮೂರು ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬ, ಐಸಿಯುನಲ್ಲಿ ಒಬ್ಬರಿಗೆ ಒಬ್ಬ ಎಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ಮಾನದಂಡವನ್ನೂ ಬರೆದಿಟ್ಟಿದೆ. ಓದಲು ಚೆಂದ. ನವೀಕರಣ ಮರೆತ ನರ್ಸಿಗೆ ದಂಡವಿದೆ. ಈ ಅನುಪಾತವನ್ನು ಹತ್ತು ಪಟ್ಟು ಮುರಿದ ಆಸ್ಪತ್ರೆಗೆ ಬೀಗ ಬಿದ್ದದ್ದು ಮಾತ್ರ ನನ್ನ ಕಿವಿಗೆ ಇವತ್ತಿನವರೆಗೂ ಬಿದ್ದಿಲ್ಲ.

ಒಂದು ರಾತ್ರಿಯ ಮಾತು ಹೇಳುತ್ತೇನೆ. ನಮ್ಮ ಚಿಕ್ಕಪ್ಪನನ್ನು ಸೇರಿಸಿದ್ದ ಸರ್ಕಾರಿ ಆಸ್ಪತ್ರೆಯ ಗಂಡಸರ ವಾರ್ಡು. ಮಂಚಗಳೆಲ್ಲ ತುಂಬಿ, ನಡುವೆ ಚಾಪೆ ಹಾಸಿ ಮಲಗಿದವರೂ ಇದ್ದರು. ಡ್ಯೂಟಿಯಲ್ಲಿ ಒಬ್ಬರೇ ಸಿಸ್ಟರು. ಟ್ರೇ ಹಿಡಿದು ಮಂಚದಿಂದ ಮಂಚಕ್ಕೆ ಹೋಗುತ್ತಾ ಇಂಜೆಕ್ಷನ್ ಕೊಡುತ್ತಿದ್ದರು. ಒಂದು ಕಡೆಯಿಂದ “ಸಿಸ್ಟರ್, ಬಾಟ್ಲಿ ಖಾಲಿ ಆಯ್ತು” ಎಂದು ಕೂಗು. ಇನ್ನೊಂದು ಕಡೆ ಕೈ ಊದಿಕೊಂಡಿದೆ, ಸೂಜಿ ಬೇರೆ ಕಡೆ ಹಾಕಿ ಎಂದು ಗೋಗರೆತ. ಅಷ್ಟರಲ್ಲಿ ಬಾಗಿಲ ಹತ್ತಿರದ ಹುಡುಗನಿಗೆ ಫಿಟ್ಸ್ ಬಂತು. ಅವರು ಅಲ್ಲಿಗೆ ಓಡಿದರು. ಬಿಳಿ ಅಂಗಿ ತೊಟ್ಟ, ಎರಡು ಮೊಬೈಲು ಹಿಡಿದ ಸಣ್ಣ ಪುಢಾರಿಯೊಬ್ಬ ಹಿಂದೆಯೇ ಬಂದು, “ಏನಮ್ಮಾ, ಅವಾಗಿಂದ ಕರೀತಿದೀನಿ, ಕಿವಿ ಕೇಳ್ಸಲ್ವಾ? ಯಾರ ಪೇಶೆಂಟ್ ಅಂತ ಗೊತ್ತಾ?” ಎಂದ. ಆಕೆ ಹುಡುಗನ ತಲೆ ಪಕ್ಕಕ್ಕೆ ತಿರುಗಿಸಿ ಹಿಡಿದಿದ್ದರು. ತಲೆಯೆತ್ತದೆ, “ಬಂದೆ ಅಣ್ಣ, ಎರಡು ನಿಮಿಷ” ಎಂದರು. ಆತ ಅಲ್ಲಿಂದಲೇ ಯಾರಿಗೋ ಫೋನು ಹಚ್ಚಿದ.

ಬೆಳಗಿನ ಜಾವ ಅವರು ಮೇಜಿನ ಮುಂದೆ ಕೂತು ಒಂದೊಂದೇ ಕೇಸ್‌ಶೀಟು ಎಳೆದು ಬರೆಯುತ್ತಿದ್ದರು. ಬೀಪಿ ಇಷ್ಟು, ಜ್ವರ ಇಷ್ಟು, ಮೂತ್ರ ಇಷ್ಟು. ನೋಡಿದ್ದೆಷ್ಟು, ನೋಡಲಾಗದ್ದೆಷ್ಟು ಎಂದು ನಾನು ಕೇಳಲಿಲ್ಲ. ಅಷ್ಟು ಜನರ ಬೀಪಿಯನ್ನು ಒಂದು ಜೊತೆ ಕೈ ನೋಡಲು ಸಾಧ್ಯವೇ ಇಲ್ಲ ಎಂಬುದು ಲೆಕ್ಕ ಬಲ್ಲ ಯಾರಿಗಾದರೂ ಗೊತ್ತು. ಅದು ಮೇಟ್ರನ್‌ಗೂ ಗೊತ್ತು, ಸರ್ಜನ್‌ಗೂ ಗೊತ್ತು. ಆದರೂ ಖಾಲಿ ಬಿಟ್ಟರೆ ಮೆಮೊ. ತುಂಬಿಸಿದರೆ, ನಾಳೆ ಏನಾದರೂ ಆದಾಗ ಸುಳ್ಳು ದಾಖಲೆಯ ಕೇಸು. ಎರಡರಲ್ಲೂ ಸಹಿ ಅವಳದೇ. ಇದನ್ನು ನಾವು ವೃತ್ತಿಯ ಮಾನದಂಡ ಎಂದು ಕರೆಯುತ್ತೇವೆ.

ಇನ್ನು ಕಾನೂನಿನ ನ್ಯಾಯ ನೋಡಿ. ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ಎರಡು ವರ್ಷದವರೆಗೆ ಶಿಕ್ಷೆ. ಲಾರಿ ಡ್ರೈವರಿಗೂ ಡಾಕ್ಟರಿಗೂ ನರ್ಸಿಗೂ ಒಂದೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಅದನ್ನು ಐದು ವರ್ಷಕ್ಕೆ ಏರಿಸಿತು. ಅದು ಇನ್ನೂ ಮಸೂದೆಯಾಗಿದ್ದಾಗಲೇ ಡಾಕ್ಟರುಗಳ ಸಂಘ ವಿನಾಯಿತಿ ಕೇಳಿತ್ತು. ಗೃಹಮಂತ್ರಿಗಳು ಲೋಕಸಭೆಯಲ್ಲೇ ಅವರ ಬೇಡಿಕೆ ಎತ್ತಿ ಹೇಳಿ, ವೈದ್ಯರಿಗೆ ಎರಡೇ ವರ್ಷ ಎಂದು ವಿನಾಯಿತಿ ಸೇರಿಸಿದರು. ವಿವರಣೆಯಲ್ಲಿ ಸಂದೇಹಕ್ಕೂ ಎಡೆಯಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ ಪ್ರಕಾರ ಅರ್ಹತೆ ಪಡೆದು ವೈದ್ಯರ ರಿಜಿಸ್ಟರಿನಲ್ಲಿ ಹೆಸರಿರುವವರಿಗೆ ಮಾತ್ರ ಅದು.

ಅಂದರೆ ಅದೇ ಆಪರೇಶನ್ ಥಿಯೇಟರು, ಅದೇ ಮೇಜು, ಅದೇ ರೋಗಿ. ಬಾಯಲ್ಲಿ ಡೋಸ್ ಹೇಳಿದ ಡಾಕ್ಟರಿಗೆ ಹೆಚ್ಚೆಂದರೆ ಎರಡು ವರ್ಷ. ಕೇಳಿಸಿಕೊಂಡು ಚುಚ್ಚಿದ ನರ್ಸಿಗೆ ಐದು ವರ್ಷದವರೆಗೆ. ಅವಳಿಗೂ ಒಂದು ರಿಜಿಸ್ಟರಿದೆಯಲ್ಲ, ನಂಬರಿದೆಯಲ್ಲ, 150 ಗಂಟೆಯ ಸರ್ಟಿಫಿಕೇಟಿದೆಯಲ್ಲ? ಇದೆ. ಜೈಲಿನ ಲೆಕ್ಕ ಬಂದಾಗ ಆ ರಿಜಿಸ್ಟರಿಗೆ ಬೆಲೆಯಿಲ್ಲ. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಜ್ಞರ ಅಭಿಪ್ರಾಯ ಪಡೆಯದೆ ವೈದ್ಯರ ಮೇಲೆ ಕೇಸು ನಡೆಸಬೇಡಿ, ಸುಮ್ಮಸುಮ್ಮನೆ ಬಂಧಿಸಬೇಡಿ ಎಂದು ಪೊಲೀಸರಿಗೆ ಗೆರೆ ಎಳೆದಿತ್ತು. ಒಳ್ಳೆಯ ಗೆರೆ. ಆ ಗೆರೆಯ ನೆರಳು ನರ್ಸಿನ ಮೇಲೂ ಬೀಳಲಿ ಎಂದು ಕೇಳಲು ಅವಳಿಗೊಂದು ದನಿ ಬೇಕಲ್ಲ.

2021ರ ನವೆಂಬರಿನಲ್ಲಿ ಮಹಾರಾಷ್ಟ್ರದ ಅಹ್ಮದ್‌ನಗರದ ಜಿಲ್ಲಾ ಆಸ್ಪತ್ರೆಯ ಐಸಿಯುಗೆ ಬೆಂಕಿ ಬಿದ್ದು 11 ರೋಗಿಗಳು ಸತ್ತರು. ಮೇಲಿನ ಕೆಲವರು ಅಮಾನತಾದರು, ನಿಜ. ಕೆಲವೇ ದಿನಗಳಲ್ಲಿ ಪೊಲೀಸರು ಹಿಡಿದು ಒಳಗೆ ಹಾಕಿದ್ದು ಯಾರನ್ನು? ಒಬ್ಬ ವೈದ್ಯೆ ಮತ್ತು ಮೂವರು ನರ್ಸ್‌ಗಳನ್ನು. ವೈರಿಂಗಿನ ಬಿಲ್ಲು ಪಾಸು ಮಾಡುವುದು, ಬೆಂಕಿ ಆರಿಸುವ ವ್ಯವಸ್ಥೆಗೆ ದುಡ್ಡು ಬಿಡುಗಡೆ ಮಾಡುವುದು ನರ್ಸಿಂಗಿನ ಯಾವ ಸೆಮಿಸ್ಟರಿನ ಪಾಠವೋ ನನಗೆ ತಿಳಿಯದು. ನಮ್ಮ ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ, ಬೆರಳು ತೋರಿದ್ದು ಸರಬರಾಜಾಗಿದ್ದ ಗ್ಲೂಕೋಸ್ ಬಾಟಲಿಯಂಥದೇ ಡ್ರಿಪ್ ದ್ರಾವಣದ ಕಡೆಗೆ. ಆಗ ರಾಜ್ಯದ ಔಷಧ ನಿಯಂತ್ರಕರೇ ಅಮಾನತಾದರು. ಚಾಟಿ ಒಮ್ಮೆಯಾದರೂ ಮೇಲಕ್ಕೆ ಬೀಸಿತು. ಅಷ್ಟು ಹೆಣ ಒಟ್ಟಿಗೆ ಬೀಳದೆ ಒಂದೇ ಸಾವಾಗಿದ್ದರೆ, ಆ ಬಾಟಲಿ ನೇತುಹಾಕಿದ ಕೈಯ ಗತಿ ಏನಾಗುತ್ತಿತ್ತು? ಒಂದು ಮೆಮೊ, ಒಂದು ಕಾರಣ ಕೇಳುವ ನೋಟಿಸು, ಆಸ್ಪತ್ರೆ ಮುಂದೆ ಸಂಬಂಧಿಕರ ಹೊಡೆತ.

ಈ ನಿಯಂತ್ರಣದ ಕಣ್ಣು ಕಾಲೇಜಿನ ಬಾಗಿಲಲ್ಲಿ ಹೇಗೆ ಕುರುಡಾಗುತ್ತದೆ ಎಂಬುದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಕೆಳಗೆ ಬೇಕರಿ, ನಡುವೆ ಪೀಜಿ, ಮೇಲೆ ನರ್ಸಿಂಗ್ ಕಾಲೇಜು. ಇನ್ಸ್‌ಪೆಕ್ಷನ್ನಿನ ದಿನ ಬಾಡಿಗೆಗೆ ಬಂದ ಪ್ರಾಧ್ಯಾಪಕರು, ಎರವಲು ತಂದ ಅಸ್ಥಿಪಂಜರ, ಲೇಬಲ್ಲಿನ ಅಂಟು ಇನ್ನೂ ಒಣಗದ ಲೈಬ್ರರಿ ಪುಸ್ತಕ. ಕಾರು ಹೊರಟ ಮೇಲೆ ಅಸ್ಥಿಪಂಜರ ಮುಂದಿನ ಕಾಲೇಜಿಗೆ ಆಟೊ ಹತ್ತುತ್ತದೆ. ಇದು ನಮ್ಮೊಬ್ಬರ ರೋಗವಲ್ಲ. ಮಧ್ಯಪ್ರದೇಶದಲ್ಲಿ ಹೈಕೋರ್ಟು ನರ್ಸಿಂಗ್ ಕಾಲೇಜುಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. 2024ರ ಮೇ ತಿಂಗಳಲ್ಲಿ, ಕಾಲೇಜು ಸರಿಯಿದೆ ಎಂದು ವರದಿ ಕೊಡಲು ಲಂಚ ಹೊಡೆದ ಆರೋಪದ ಮೇಲೆ ತನಿಖೆಗೆ ಹೋಗಿದ್ದ ಸಿಬಿಐ ಇನ್ಸ್‌ಪೆಕ್ಟರೇ ಸಿಕ್ಕಿಬಿದ್ದ. ಬೇಲಿ ಹೊಲ ಮೇಯುವುದನ್ನು ನೋಡಿದ್ದೆವು, ಬೇಲಿ ಕಾಯಲು ಇಟ್ಟವನೂ ಮೇಯ್ದ.

ನಮ್ಮಲ್ಲಿ 2017ರಲ್ಲಿ ಬೇರೆಯದೇ ನಾಟಕ. ಕಾಲೇಜಿಗೆ ಮಾನ್ಯತೆ ಕೊಡುವ ಅಧಿಕಾರ ದೆಹಲಿಯ ಭಾರತೀಯ ನರ್ಸಿಂಗ್ ಕೌನ್ಸಿಲಿಗೋ ರಾಜ್ಯಕ್ಕೋ ಎಂಬ ಜಗಳ ಹೈಕೋರ್ಟಿಗೆ ಹೋಯಿತು. ದೆಹಲಿಗೆ ಆ ಅಧಿಕಾರವಿಲ್ಲ ಎಂದು ತೀರ್ಪಾಯಿತು. ಆಡಳಿತ ಮಂಡಳಿಗಳು ಪಟಾಕಿ ಹೊಡೆಯುವಷ್ಟು ಖುಷಿಯಾದವು. ದೆಹಲಿಯ ಪಟ್ಟಿಯಿಂದ ಕರ್ನಾಟಕದ ಕಾಲೇಜುಗಳು ಮಾಯವಾದವು. ಕೇರಳದಿಂದ ಇಲ್ಲಿಗೆ ಓದಲು ಬಂದ ಮಕ್ಕಳು ಬ್ಯಾಂಕಿನ ಸಾಲಕ್ಕೆ, ತಮ್ಮೂರಿನ ನೋಂದಣಿಗೆ ಬಾಗಿಲು ಬಾಗಿಲು ಅಲೆದರು. ಎರಡು ಆನೆ ಕಾದಾಡಿ ಗರಿಕೆ ನಲುಗಿದ್ದು ಹೀಗೆ. ಆ ಮಕ್ಕಳ ಫೀಸು ಮಾತ್ರ ಯಾವ ಜಗಳದಲ್ಲೂ ನಿಲ್ಲಲಿಲ್ಲ.

ಸಣ್ಣ ಊರುಗಳ ನರ್ಸಿಂಗ್ ಹೋಮುಗಳ ಕತೆ ಇನ್ನೂ ಕೆಳಗಿನದು. ಎಸ್ಸೆಸ್ಸೆಲ್ಸಿ ಫೇಲಾದ, ಮನೆಯಲ್ಲಿ ಕಷ್ಟವಿರುವ ಹುಡುಗಿಯನ್ನು ಕರೆತಂದು, ಬಿಳಿ ಕೋಟು ತೊಡಿಸಿ, ಹಳಬಳೊಬ್ಬಳ ಹಿಂದೆ ಮೂರು ತಿಂಗಳು ಓಡಾಡಿಸಿದರೆ ನರ್ಸ್ ತಯಾರು. ಓದಿ ನೋಂದಣಿಯಾದವಳಿಗೆ ಕೊಡಬೇಕಾದ ಸಂಬಳ ಮಾಲೀಕನಿಗೆ ಉಳಿತಾಯ. 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ನೋಂದಣಿ ಇಲ್ಲದೆ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎನ್ನುತ್ತದೆ. ಬಹಳ ಸಂತೋಷ. ನಾಳೆ ರೇಡಾದಾಗ ಜೀಪು ಹತ್ತುವವರು ಯಾರು? ಕೋಟು ತೊಟ್ಟ ಹತ್ತೊಂಬತ್ತರ ಹುಡುಗಿಯೋ, ಕೋಟು ತೊಡಿಸಿದ ಮಾಲೀಕನೋ? ನಮ್ಮ ಊರುಗಳ ರೀತಿ ರಿವಾಜು ಬಲ್ಲವರಿಗೆ ಉತ್ತರ ಗೊತ್ತು.

ಸಂಬಳದ ಮಾತು ಬಂತು, ಅದನ್ನೂ ಮುಗಿಸಿಬಿಡುತ್ತೇನೆ. ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಗೋಳನ್ನು ನರ್ಸ್‌ಗಳ ಸಂಘವೇ ಸುಪ್ರೀಂ ಕೋರ್ಟಿಗೆ ಒಯ್ದಿತು. 2016ರ ಆದೇಶದ ಮೇರೆಗೆ ಕೇಂದ್ರ ಸಮಿತಿ ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನಷ್ಟೇ ಸಂಬಳ, 50ಕ್ಕಿಂತ ಕಡಿಮೆ ಹಾಸಿಗೆಯಾದರೂ ತಿಂಗಳಿಗೆ 20,000ಕ್ಕೆ ಕಡಿಮೆಯಾಗದಂತೆ ಎಂದು ಸಮಿತಿ ಹೇಳಿತು. ರಾಜ್ಯಗಳು ಶಿಫಾರಸನ್ನು ಕಡತಕ್ಕೆ ಸೇರಿಸಿದವು. ಕೇರಳದ ನರ್ಸ್‌ಗಳು ಕಡತವನ್ನು ನಂಬದೆ ಬೀದಿಗೆ ಬಂದರು. 2018ರಲ್ಲಿ ಅಲ್ಲಿಯ ಸರ್ಕಾರ 20,000 ಕನಿಷ್ಠ ಎಂದು ಅಧಿಸೂಚನೆ ಹೊರಡಿಸಲೇಬೇಕಾಯಿತು. ನಮ್ಮಲ್ಲಿ ಬೀದಿಗೆ ಬಂದವರು ಬೇರೆ. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳನ್ನು ಹದ್ದುಬಸ್ತಿನಲ್ಲಿಡುವ ಕೆಪಿಎಂಇ ತಿದ್ದುಪಡಿ ಮಸೂದೆ ಬಂದಾಗ ರಾಜ್ಯದ ಖಾಸಗಿ ಡಾಕ್ಟರುಗಳು ಹೊರರೋಗಿ ವಿಭಾಗಕ್ಕೆ ಬೀಗ ಹಾಕಿದರು. ಸರ್ಕಾರ ಮಾತುಕತೆಗೆ ಕೂತಿತು, ಮಸೂದೆ ಮೆತ್ತಗಾಯಿತು. ಅದರ ಹಿಂದಿನ ವರ್ಷ ದೆಹಲಿಯಲ್ಲಿ ಸರ್ಕಾರಿ ನರ್ಸ್‌ಗಳು ಮುಷ್ಕರ ಹೂಡಿದ್ದರು. ಅವರ ಮೇಲೆ ಬಿದ್ದದ್ದು ಅಗತ್ಯ ಸೇವೆಗಳ ಕಾಯ್ದೆ ಎಸ್ಮಾ. ಡಾಕ್ಟರು ಕೆಲಸ ನಿಲ್ಲಿಸಿದರೆ ಅಸಮಾಧಾನ, ನರ್ಸ್ ನಿಲ್ಲಿಸಿದರೆ ಅಪರಾಧ.

ಯಾಕೆ ಹೀಗೆ ಎಂದರೆ ನನಗೆ ಮೈಲಿಗೆಯ ವಾಸನೆ ಬಡಿಯುತ್ತದೆ. ಹೇಲು ಉಚ್ಚೆ ತೆಗೆಯುವ, ಕೀವು ಒರೆಸುವ, ಹೆಣ ಕಟ್ಟಿಕೊಡುವ ಕೈಯನ್ನು ಈ ದೇಶ ಯಾವತ್ತೂ ತನ್ನ ಸಮಕ್ಕೆ ಕೂರಿಸಿಲ್ಲ. ಆ ಕೆಲಸ ಹೆಂಗಸಿನದು ಎಂದಾದ ಮೇಲಂತೂ ಮುಗಿಯಿತು. ಬಾಯಲ್ಲಿ ದೇವತೆ, ದೀಪ ಹಿಡಿದವಳು. ಮೇ 12ರ ನರ್ಸ್‌ಗಳ ದಿನಕ್ಕೆ ಶಾಲು, ಹಾರ, ಮೇಣದಬತ್ತಿ. ಕೋವಿಡ್ಡಿನಲ್ಲಿ ಹೆಲಿಕಾಪ್ಟರಿನಿಂದ ಹೂವು. ದೇವತೆಗೆ ಸಂಬಳ ಯಾಕೆ, ರಜೆ ಯಾಕೆ, ವಕೀಲ ಯಾಕೆ?

ಮಾನದಂಡ ಎಂದರೇನು ಎಂದು ಕೌನ್ಸಿಲಿನ ಕೈಪಿಡಿಯಲ್ಲಿ ಹುಡುಕುವವರಿಗೆ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗರ ಹೆಸರು ನೆನಪಿಸುತ್ತೇನೆ. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. ಪ್ರಯೋಗದ ನಾಯಿಗಳಿಗೆ ಇಟ್ಟ ಆಹಾರ ಕದಿಯುತ್ತಿದ್ದಾನೆಂದು ವಾರ್ಡ್‌ಬಾಯ್ ಒಬ್ಬನನ್ನು ಗದರಿದ್ದರು ಎನ್ನುತ್ತಾರೆ. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುವಾಗ ಅವನು ನಾಯಿಯ ಸರಪಳಿಯನ್ನು ಕುತ್ತಿಗೆಗೆ ಬಿಗಿದು ಅತ್ಯಾಚಾರ ಮಾಡಿದ. ಅವನಿಗೆ ಶಿಕ್ಷೆಯಾದದ್ದು ದರೋಡೆಗೆ ಮತ್ತು ಕೊಲೆಯತ್ನಕ್ಕೆ, ಏಳು ವರ್ಷ. ಅತ್ಯಾಚಾರದ ಆರೋಪವನ್ನೇ ಹೊರಿಸಲಿಲ್ಲ. ಅರುಣಾ 2015ರ ಮೇ 18ರಂದು ಸಾಯುವವರೆಗೆ ಅದೇ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದರು. ಬಟ್ಟೆ ಬದಲಿಸಲೊಂದು ಭದ್ರವಾದ ಕೋಣೆ ಕೊಡಲಾಗದ ವ್ಯವಸ್ಥೆ ಎಂಬತ್ತರ ದಶಕದಲ್ಲಿ ಅವರನ್ನು ಆ ಹಾಸಿಗೆಯಿಂದಲೂ ಸಾಗಹಾಕಲು ನೋಡಿತು. ಅಡ್ಡ ನಿಂತದ್ದು ನರ್ಸ್‌ಗಳು. ಒಂದು ತಲೆಮಾರು ನಿವೃತ್ತಿಯಾಗಿ ಇನ್ನೊಂದು ತಲೆಮಾರು ಬಂತು. ಅರುಣಾ ಬದುಕಿದ್ದಾಗ ಅವರನ್ನು ನೋಡಿಯೇ ಇರದವರು ಬಂದು ತಲೆ ಬಾಚಿದರು, ಮಗ್ಗುಲು ತಿರುಗಿಸಿದರು, ಉಣ್ಣಿಸಿದರು. ಬದುಕಿದ್ದಾಗ ಎಂದರೆ, ನಡೆದಾಡಿಕೊಂಡಿದ್ದಾಗ. 2011ರಲ್ಲಿ ದಯಾಮರಣದ ಅರ್ಜಿ ವಿಚಾರಿಸಿದ ಸುಪ್ರೀಂ ಕೋರ್ಟು, 37 ವರ್ಷಗಳಲ್ಲಿ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣು ಇಲ್ಲ ಎಂದು ಬೆರಗುಪಟ್ಟಿತು. ಅರುಣಾ ಪರವಾಗಿ ಮಾತನಾಡುವ ಹಕ್ಕು ಆ ಆಸ್ಪತ್ರೆಯ ಸಿಬ್ಬಂದಿಯದು ಎಂದಿತು.

ಹಾಸಿಗೆ ಹಿಡಿದವರನ್ನು ಎರಡು ವಾರ ನೋಡಿಕೊಂಡವರಿಗೆ ಒಂದೂ ಹುಣ್ಣಿಲ್ಲ ಎಂಬ ಮಾತಿನ ತೂಕ ಗೊತ್ತಾಗುತ್ತದೆ. ಯಾವ ಇನ್ಸ್‌ಪೆಕ್ಟರೂ ಆ ಆರೈಕೆಯನ್ನು ಮಾಡಿಸಿದ್ದಲ್ಲ. ಯಾವ ಮೆಮೊಗೆ ಹೆದರಿಯೂ ಮಾಡಿದ್ದಲ್ಲ.

ಇಂಥ ನರ್ಸ್‌ಗಳಿಗೆ 2023ರ ಕಾಯ್ದೆ ಕೊಟ್ಟ ಸ್ಥಾನ ಏನು? 29 ಜನರ ರಾಷ್ಟ್ರೀಯ ಆಯೋಗ, ಹತ್ತು ಜನರ ರಾಜ್ಯ ಆಯೋಗ. ಶಿಕ್ಷಣಕ್ಕೊಂದು, ಮೌಲ್ಯಮಾಪನಕ್ಕೊಂದು, ನೀತಿ ಮತ್ತು ನೋಂದಣಿಗೊಂದು ಮಂಡಳಿ. ಅಧ್ಯಕ್ಷರು ನರ್ಸಿಂಗ್ ಓದಿದವರೇ ಆಗಿರಬೇಕು, ಇದು ಒಪ್ಪತಕ್ಕದ್ದು. ಆದರೆ 1947ರ ಹಳೆಯ ಕಾಯ್ದೆಯಲ್ಲಾದರೂ ರಾಜ್ಯದ ಕೌನ್ಸಿಲುಗಳು, ನರ್ಸ್‌ಗಳ ಸಂಘ ತಮ್ಮವರನ್ನು ಆರಿಸಿ ಕಳಿಸುವ ದಾರಿಯಿತ್ತು. ಈಗ ಹೆಸರು ಸೂಚಿಸುವುದು ಸರ್ಕಾರ. ತಪ್ಪು ಮಾಡಿದ ನರ್ಸನ್ನು ವಿಚಾರಿಸುವ ಕುರ್ಚಿಯಲ್ಲಿ ಕೂರುವವರನ್ನು, ನರ್ಸ್‌ಗಳಿಗೆ ಸಂಬಳ ಕೊಡದ, ಖಾಲಿ ಹುದ್ದೆ ತುಂಬದ ಅದೇ ಸರ್ಕಾರ ಆರಿಸುತ್ತದೆ. ಕಟಕಟೆಯಲ್ಲಿ ನಿಲ್ಲಬೇಕಾದವನೇ ಜಡ್ಜನ್ನು ನೇಮಿಸಿದ ಹಾಗೆ.

ನನ್ನ ಕೇಳಿಕೆ ದೊಡ್ಡದಲ್ಲ. 106ನೇ ಕಲಮಿನ ವಿವರಣೆಯಲ್ಲಿ ನೋಂದಾಯಿತ ನರ್ಸ್ ಎಂದು ಸೇರಿಸಿ, ಇಲ್ಲವೇ ಡಾಕ್ಟರ ವಿನಾಯಿತಿಯನ್ನೂ ತೆಗೆಯಿರಿ. ನರ್ಸ್–ರೋಗಿ ಅನುಪಾತವನ್ನು ಆಸ್ಪತ್ರೆಯ ಲೈಸೆನ್ಸಿನ ಷರತ್ತು ಮಾಡಿ, ಮುರಿದವರ ಲೈಸೆನ್ಸು ರದ್ದು ಮಾಡಿ. ವಿಚಾರಣೆ ನಡೆಸುವ ಮಂಡಳಿಗೆ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್‌ಗಳು ಓಟು ಹಾಕಿ ತಮ್ಮವರನ್ನು ಕಳಿಸಲಿ.

ಇದೆಲ್ಲ ಆಗುವವರೆಗೆ, ತಂಗಿಯರೇ, ಅಕ್ಕಂದಿರೇ, ಈಗೀಗ ಈ ಕೆಲಸಕ್ಕೆ ಬರುತ್ತಿರುವ ತಮ್ಮಂದಿರೇ, ಡ್ಯೂಟಿ ತೆಗೆದುಕೊಳ್ಳುವಾಗ ರಿಪೋರ್ಟ್ ಪುಸ್ತಕದ ಮೊದಲ ಸಾಲಿನಲ್ಲೇ ಬರೆಯಿರಿ: ವಾರ್ಡಿನಲ್ಲಿ ಇಷ್ಟು ರೋಗಿಗಳು, ನರ್ಸ್ ನಾನೊಬ್ಬಳೇ. ಪ್ರತಿ ಶಿಫ್ಟಿನಲ್ಲೂ ಬರೆಯಿರಿ. ಆ ಪುಟದ ಫೋಟೊ ನಿಮ್ಮ ಮೊಬೈಲಿನಲ್ಲಿರಲಿ. ಮೇಟ್ರನ್ ಕರೆದು ಇದನ್ನೆಲ್ಲ ಯಾಕೆ ಬರೆಯುತ್ತೀಯಮ್ಮ ಎಂದು ಕೇಳಿದರೆ, ನಾಳೆ ತನಿಖಾಧಿಕಾರಿಗೆ ಓದಲು ಬೇಕಾಗುತ್ತದೆ ಮೇಡಂ ಎನ್ನಿ. ಹೊಡೆದುಹಾಕಿದರೆ ಅದರ ಕೆಳಗಿನ ಸಾಲಿನಲ್ಲಿ ಮತ್ತೆ ಬರೆಯಿರಿ, ಹೊಡೆದುಹಾಕಿದವರ ಹೆಸರಿನ ಸಮೇತ.